ಗೊರಕೆ, ಮರೆವು ಮತ್ತು ಮಾತ್ರೆಯ ಡಬ್ಬಿ

ಪ್ರಶ್ನೆ: ನನ್ನ ಪತಿಗೆ 54 ವರ್ಷ. ಮಂಡ್ಯದ ಹತ್ತಿರ ಆಲೆಮನೆ ನಡೆಸುತ್ತಾರೆ, ಬೆಲ್ಲವನ್ನು ತಾವೇ ಗೂಡ್ಸ್ ಗಾಡಿಯಲ್ಲಿ ಮೈಸೂರಿನ ಬಂಡಿಪಾಳ್ಯದ ಮಾರುಕಟ್ಟೆಗೆ ಒಯ್ಯುತ್ತಾರೆ. ರಾತ್ರಿ ಗೊರಕೆಯ ನಡುವೆ ಉಸಿರೇ ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರೆ. ಬೆಳಿಗ್ಗೆ ಆಳಿಗೆ ಕೊಟ್ಟ ಮುಂಗಡ ಸಂಜೆಗೆ ನೆನಪಿರುವುದಿಲ್ಲ. ನಿದ್ರಾ ಪರೀಕ್ಷೆಯಲ್ಲಿ ಗಂಟೆಗೆ 38 ಬಾರಿ ಉಸಿರಾಟಕ್ಕೆ ಅಡಚಣೆಯಾಗುತ್ತಿದೆ ಎಂದು ಬಂದಿದೆ. ಮಲಗುವಾಗ ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಯಂತ್ರ ಬೇಡವೆಂದು ಹಟ ಹಿಡಿದು, ಪರಿಚಿತರೊಬ್ಬರು ಕೊಟ್ಟ ಆ್ಯಂಟಿ ಆಕ್ಸಿಡೆಂಟ್ ಮಾತ್ರೆ ನುಂಗುತ್ತಿದ್ದಾರೆ. ಇದರಿಂದ ಮರೆವು ಹೋದೀತೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮಾತ್ರೆಯೊಂದನ್ನೇ ನಂಬಿ ಕೂರುವುದು ಸರಿಯಲ್ಲ. ಇದು ಸ್ಲೀಪ್ ಆ್ಯಪ್ನಿಯಾ, ಅಂದರೆ ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಅಡಚಣೆ ಗಂಟೆಗೆ 30 ದಾಟಿದರೆ ತೀವ್ರವೆಂದೇ ಲೆಕ್ಕ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಮುಚ್ಚಿಕೊಂಡಾಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಅರೆ ಎಚ್ಚರಗೊಂಡು ದಾರಿ ತೆರೆಸಿದೊಡನೆ ಅದು ಮತ್ತೆ ಏರುತ್ತದೆ. ಕೊರತೆಯಷ್ಟೇ ಅಲ್ಲ, ಈ ಮರುಪೂರೈಕೆಯೂ ಹಾನಿಕರ. ಆಗ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳೂ ಕೆಲವು ಕಿಣ್ವಗಳೂ ಹೆಚ್ಚು ಪ್ರಮಾಣದಲ್ಲಿ ಹುಟ್ಟಿಸುವ ಕ್ರಿಯಾಶೀಲ ಆಮ್ಲಜನಕದ ಕಣಗಳು ಕೋಶದ ಕೊಬ್ಬು, ಪ್ರೋಟೀನುಗಳನ್ನೂ ರಕ್ತನಾಳದ ಒಳಪದರವನ್ನೂ ಕೆಡಿಸುತ್ತವೆ. ಆಕ್ಸಿಡೇಟಿವ್ ಒತ್ತಡವೆಂದರೆ ಇದೇ. ಆ್ಯಂಟಿ ಆಕ್ಸಿಡೆಂಟ್ ಮಾತ್ರೆ ಇದನ್ನು ತಡೆಯುತ್ತದೆಂಬುದು ಮಾರುವವರ ವಾದ.

ಪ್ರಯೋಗಾಲಯದ ಇಲಿಗಳಿಗೆ ಹೀಗೆ ಆಮ್ಲಜನಕವನ್ನು ಇಳಿಸಿ ಏರಿಸಿದಾಗ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗಕ್ಕೆ ಪೆಟ್ಟು ಬಿದ್ದದ್ದು ಕಂಡಿದೆ. ಆ ಕಿಣ್ವಗಳಲ್ಲಿ ಒಂದಾದ ಎನ್‌ಎಡಿಪಿಎಚ್ ಆಕ್ಸಿಡೇಸ್ ಕೆಲಸ ಮಾಡದಂತೆ ಬೆಳೆಸಿದ ಇಲಿಗಳಲ್ಲಿ ಮಿದುಳಿನ ಹಾನಿ ಕಡಿಮೆಯಿತ್ತು. ಆ ವಾದಕ್ಕೆ ಬಲ ಸಿಗುವುದು ಇಂಥ ಫಲಿತಾಂಶಗಳಿಂದಲೇ. ಆದರೆ ಯಾವ ಮಾತ್ರೆಯೂ ಮುಚ್ಚಿದ ಗಂಟಲನ್ನು ತೆರೆಯುವುದಿಲ್ಲ. ರಾತ್ರಿಯಿಡೀ ಹೊಸದಾಗಿ ಹುಟ್ಟುತ್ತಲೇ ಇರುವ ಆ ಕಣಗಳನ್ನು ಹಗಲು ನುಂಗಿದ ಒಂದು ಮಾತ್ರೆ ತಡೆದೀತೆಂಬುದಕ್ಕೆ ಮನುಷ್ಯರಲ್ಲಿ ಗಟ್ಟಿ ಆಧಾರವಿಲ್ಲ.

ಮುಂಗಡದ ವಿಷಯಕ್ಕೆ ಬರುತ್ತೇನೆ. ನಿಮ್ಮವರು ಅದನ್ನು ಮರೆತದ್ದಕ್ಕಿಂತ, ಕೊಡುವಾಗಲೇ ಅದು ಮನಸ್ಸಿನಲ್ಲಿ ಸರಿಯಾಗಿ ದಾಖಲಾಗದಿದ್ದ ಸಾಧ್ಯತೆ ಹೆಚ್ಚು. ಪದೇ ಪದೇ ತುಂಡಾದ ನಿದ್ರೆಯಿಂದ ಸಾಮಾನ್ಯವಾಗಿ ಮೊದಲು ಕುಂದುವುದು ಗಮನ ಮತ್ತು ಎಚ್ಚರ. ಯೋಜನೆ, ಲೆಕ್ಕಾಚಾರಗಳೂ ಮಂಕಾಗುತ್ತವೆ. ಹಾಗೆಂದು ಎಲ್ಲವನ್ನೂ ಗೊರಕೆಯ ತಲೆಗೆ ಕಟ್ಟದೆ ಥೈರಾಯ್ಡ್, ಬಿ12, ಸಕ್ಕರೆ, ರಕ್ತದೊತ್ತಡಗಳನ್ನೂ ಒಮ್ಮೆ ನೋಡಿಸಿ. ತೂಕಡಿಕೆ ಹತೋಟಿಗೆ ಬಂದಿದೆಯೆಂದು ವೈದ್ಯರು ಹೇಳುವವರೆಗೆ ಅವರು ಸ್ಟಿಯರಿಂಗ್ ಹಿಡಿಯಕೂಡದು. ಈ ಒಂದು ವಿಷಯದಲ್ಲಿ ನೀವೂ ಹಟ ಹಿಡಿಯಬೇಕು.

ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಪರಿಚಯಿಸಿದರು. ಇಂದಿಗೂ ತೀವ್ರ ಕಾಯಿಲೆಗೆ ಅದೇ ಮೊದಲ ಚಿಕಿತ್ಸೆ. ಆದರೆ ಅದರಿಂದ ನೆನಪು ಪೂರ್ತಿ ಮರಳುತ್ತದೆಂದು ನಾನು ಭರವಸೆ ಕೊಡಲಾರೆ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಆ್ಯಪಲ್ಸ್ ಅಧ್ಯಯನದಲ್ಲಿ, 6 ತಿಂಗಳ ಬಳಕೆಯಿಂದ ಹಗಲಿನ ತೂಕಡಿಕೆ ತಗ್ಗಿತೇ ಹೊರತು ನೆನಪಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತೂಕಡಿಕೆ ಹೋದರೆ ವ್ಯವಹಾರದ ಅರ್ಧ ಗೊಂದಲ ತಾನಾಗಿ ತಿಳಿಯಾಗುವುದನ್ನು ಮಾತ್ರ ನಾನು ನೋಡಿದ್ದೇನೆ.

ಯಂತ್ರ ಬೇಡವೆನ್ನುವವರಲ್ಲಿ ಹಲವರ ದೂರು ನಿಜವಾಗಿ ಮಾಸ್ಕಿನ ಅಳತೆ, ಗಂಟಲು ಒಣಗುವುದು ಇಂಥವು. ಬೇರೆ ಅಳತೆಯ ಮಾಸ್ಕ್ ಕೇಳಿ, ತೇವ ಕೊಡುವ ಸಾಧನ ಜೋಡಿಸಿ, ಸಂಜೆ ಟಿವಿ ನೋಡುವಾಗ ಎಚ್ಚರವಿದ್ದೇ ಅರ್ಧ ಗಂಟೆ ಹಾಕಿಕೊಂಡು ರೂಢಿ ಮಾಡಿಸಿ. ಒಗ್ಗದಿದ್ದರೆ ಮೈಸೂರಿನ ಯಾವುದಾದರೂ ದೊಡ್ಡ ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ಯಂತ್ರವನ್ನೇ ಒಯ್ದು ಒತ್ತಡ ಹೊಂದಿಸಿಕೊಳ್ಳಿ.