ಮಕ್ಕಳ ಜೊತೆ ಕುರುಕ್ಷೇತ್ರ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮದ್ದೂರು ಹತ್ತಿರದ ನಮ್ಮ ತವರೂರಿನ ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಇಟ್ಟುಕೊಂಡಿದ್ದಾರೆ. ನನ್ನ ತಮ್ಮನದು ಅರ್ಜುನನ ಪಾತ್ರ. 6 ಮತ್ತು 10 ವರ್ಷದ ಮಕ್ಕಳು, ವಯಸ್ಸಾದ ಅತ್ತೆಯವರನ್ನು ಕರೆದುಕೊಂಡು ಬೆಳಗಿನವರೆಗೆ ಕೂರುವುದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಬೆಳಗಿನವರೆಗೆ ಎಲ್ಲರೂ ಕೂರಲೇಬೇಕು ಅಂತ ಯಾರೂ ಹೇಳಿಲ್ಲ. ಕರಪತ್ರದಲ್ಲಿ ರಾತ್ರಿ 8 ಗಂಟೆ ಅಂತಿದ್ದರೂ ಸನ್ಮಾನ, ಭಾಷಣ ಮುಗಿದು ಪರದೆ ಏಳುವಷ್ಟರಲ್ಲಿ ಒಂಬತ್ತೂವರೆ ಆಗುವುದು ಮಾಮೂಲು. ಮಕ್ಕಳಿಗೆ ಮಧ್ಯಾಹ್ನ ನಿದ್ದೆ ಮಾಡಿಸಿ, ರಾತ್ರಿ ಊಟ ಮುಗಿಸಿಯೇ ಹೊರಡಿ.

ಕರಪತ್ರ ಕೈಯಲ್ಲಿರಲಿ. ಮಂಡ್ಯದ ಕಡೆ ಒಂದೇ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಳ್ಳುತ್ತಾರೆ. 1ನೇ ಕೃಷ್ಣ, 2ನೇ ಕೃಷ್ಣ ಅಂತಲೇ ಅಚ್ಚಾಗಿರುತ್ತದೆ. ಪಾತ್ರಧಾರಿಗಳೇ ದುಡ್ಡು ಹಾಕಿ ಆಡುವ ನಾಟಕವಾದ್ದರಿಂದ ಜನ ಹೆಚ್ಚಿದಷ್ಟೂ ಸೀನರಿ, ಡ್ರೆಸ್ಸು, ನಾಟಕ ಕಲಿಸಿ ಹಾರ್ಮೋನಿಯಂ ನುಡಿಸುವ ಮೇಷ್ಟ್ರ ಸಂಭಾವನೆ ಎಲ್ಲ ಹಗುರ. ತೆಳ್ಳಗಿದ್ದ ಕೃಷ್ಣ ಮುಂದಿನ ಸೀನಿಗೆ ಹೊಟ್ಟೆ ಬಿಟ್ಟುಕೊಂಡು ಬಂದರೆ ಮಕ್ಕಳು ತಬ್ಬಿಬ್ಬಾಗುತ್ತಾರೆ, ಮೊದಲೇ ಹೇಳಿಡಿ. ತಮ್ಮ ಎಷ್ಟನೇ ಅರ್ಜುನ ಅಂತ ಇವತ್ತೇ ಕೇಳಿ. ಕೃಷ್ಣನ ನೆರವು ಕೇಳಲು ಬರುವ ಅರ್ಜುನನಾದರೆ ಬೇಗ ನೋಡಿಬಿಡಬಹುದು. ಗೀತೋಪದೇಶದ ಅರ್ಜುನನಾದರೆ ನಡುರಾತ್ರಿ ದಾಟೀತು. ಚಿಕ್ಕವನನ್ನು ಮನೆಯಲ್ಲಿ ಮಲಗಿಸಿ ಆಮೇಲೆ ಕರೆತನ್ನಿ. ಕರ್ಣ–ಕುಂತಿ ಸೀನನ್ನು ಮಾತ್ರ ತಪ್ಪಿಸಬೇಡಿ, ಒಳ್ಳೆಯ ಕಂಠವಿದ್ದವರಿಗೇ ಆ ಪಾತ್ರಗಳು ಸಿಗುವುದು ಹೆಚ್ಚು.

ಸ್ಪೀಕರ್ ಪೆಟ್ಟಿಗೆಯ ಎದುರಿಗೆ ಕೂರಬೇಡಿ. ಅಲ್ಲಿ ಹಾರ್ಮೋನಿಯಂ ಸದ್ದು ಮಾತ್ರ ಕಿವಿಗೆ ಬಡಿಯುತ್ತದೆ, ಮಾತು ಕಲಸಿಹೋಗುತ್ತದೆ. ವೇದಿಕೆಯಿಂದ 25–30 ಅಡಿ ಹಿಂದೆ, ನಡುಮಧ್ಯೆ ಜಾಗ ಹಿಡಿಯಿರಿ. ಅತ್ತೆಯವರಿಗೆ ಬೆನ್ನಿರುವ ಕುರ್ಚಿ, ಮಕ್ಕಳಿಗೆ ಚಾಪೆ ಮತ್ತು ದಪ್ಪ ಹೊದಿಕೆ; ರಾತ್ರಿ ಎರಡು ಗಂಟೆಯ ಮೇಲೆ ಇಬ್ಬನಿ ಇಳಿಯುತ್ತದೆ.

ಮಕ್ಕಳಿಗೆ ಬೇಜಾರಾಗುವುದು ಕಂದಪದ್ಯದ ಹೊತ್ತಿಗೆ. ತಾಳವಿಲ್ಲದೆ ರಾಗ ಎಳೆದು ಹಾಡುವುದರಿಂದ ಕಥೆ ನಿಂತಂತೆ ಅನ್ನಿಸುತ್ತದೆ. ಆಗ ಮುಂದೇನಾಗುತ್ತದೆ ಅಂತ ಕಿವಿಯಲ್ಲಿ ಹೇಳಿ. ತಬಲಾ ಶುರುವಾದ ಕೂಡಲೇ ತಾವೇ ಎದ್ದು ಕೂರುತ್ತಾರೆ.

ತಮ್ಮನಿಗೆ ನೋಟಿನ ಹಾರ ಹಾಕುವ ಆಸೆಯಿದ್ದರೆ ಹಾಡು ಪೂರ್ತಿ ಮುಗಿಯಲಿ. ನಡುವೆ ವೇದಿಕೆ ಹತ್ತಿದರೆ ಶ್ರುತಿ ತಪ್ಪುತ್ತದೆ, ಮುಂದಿನ ಮಾತು ಮರೆತುಹೋಗುತ್ತದೆ, ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಯ ಹಿಂದಿನಿಂದ ಕಣ್ಣು ಬಿಡುತ್ತಾರೆ. ಪಿನ್ನು ಚುಚ್ಚಬೇಡಿ, ಡ್ರೆಸ್ಸು ಬಾಡಿಗೆಯದು.

ಪ್ರಶ್ನೆ: ರಾತ್ರಿಯಿಡೀ ಆಗುವುದಿಲ್ಲ. ಮೈಸೂರಿನಲ್ಲೇ ಹಾಡುಗಳಿರುವ ನಾಟಕಕ್ಕೆ 4 ವರ್ಷದ ಮಗುವನ್ನು ಕರೆದೊಯ್ಯಬಹುದೇ?

ಉತ್ತರ: ರಂಗಾಯಣಕ್ಕೆ ಹೋಗಿ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ನಾಟಕ ಸಂಸ್ಥೆ, ರಂಗಸಂಗೀತ ಅದರ ಮೈಯಲ್ಲೇ ಇದೆ. ಅಲ್ಲಿನ ಒಳಾಂಗಣ ರಂಗಮಂದಿರ ಭೂಮಿಗೀತದಲ್ಲಿ ದೀಪ ಆರಿದರೆ ಒಳಗೆ ಕಗ್ಗತ್ತಲು. ಚಿಕ್ಕ ಮಕ್ಕಳು ಅಳುವುದು ಆ ಮೊದಲ ನಿಮಿಷದಲ್ಲೇ. ಅರ್ಧ ಗಂಟೆ ಮುಂಚೆ ಹೋಗಿ ಬೆಳಕಿದ್ದಾಗಲೇ ವೇದಿಕೆ ತೋರಿಸಿ, ಬಾಗಿಲ ಬಳಿಯ ಅಂಚಿನ ಸೀಟು ಹಿಡಿಯಿರಿ. ಅಲ್ಲೇ ಇರುವ ವನರಂಗ ಬಯಲು ರಂಗಮಂದಿರ: ಮಗು ಹಟ ಮಾಡಿದರೆ ಎದ್ದು ಹೋಗುವುದು ಸುಲಭ, ಆದರೆ ಸೊಳ್ಳೆ ಕಾಟ. ಪೂರ್ತಿ ತೋಳಿನ ಅಂಗಿ ಹಾಕಿ, ಕೂರಲು ಒಂದು ದಪ್ಪ ಟವೆಲ್ ಒಯ್ಯಿರಿ. ಚಿಪ್ಸ್ ಪ್ಯಾಕೆಟ್ ಬೇಡ, ಅದರ ಸದ್ದು ನಟರಿಗೂ ಕೇಳುತ್ತದೆ.