ಪ್ರತಿಕ್ರಿಯೆ: ತುಮಕೂರಿನ ಪತ್ರಿಕೆಗಳಿಗೆ ಕಡಲಾಮೆ ಸುದ್ದಿ

ಹೊನ್ನಾವರದ ಕಡಲಾಮೆ ತಂಡದ ಪರವಾಗಿ ನೀವು ಕಳಿಸಿದ ಪತ್ರಿಕಾ ಟಿಪ್ಪಣಿಯನ್ನು ತುಮಕೂರಿನಲ್ಲಿ ಯಾರೂ ಹಾಕಲಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ.

ಜಿಲ್ಲಾ ಪುಟಕ್ಕೆ ಜಿಲ್ಲೆಯ ಎಳೆ ಬೇಕು, ಅದು ನಿಮ್ಮಲ್ಲೇ ಇದೆ. ತುಮಕೂರಿನ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಹೊಳೆ ಉತ್ತರ ಪಿನಾಕಿನಿ ನದಿಯನ್ನು ಸೇರುತ್ತದೆ, ಆ ನೀರು ನೆಲ್ಲೂರು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳು ಹೊನ್ನಾವರದಂತೆ ಆಂಧ್ರದ ಕರಾವಳಿಯಲ್ಲೂ ಮೊಟ್ಟೆಯಿಡುತ್ತವೆ. ಕೊರಟಗೆರೆಯ ಹಳ್ಳಕ್ಕೆ ಬಿದ್ದ ಪ್ಲಾಸ್ಟಿಕ್ ದೊಡ್ಡ ಮಳೆಯ ವರ್ಷ ಅಲ್ಲಿಗೆ ತಲುಪಬಹುದು. ಮೊದಲ ಪ್ಯಾರಾ ಇದೇ ಆಗಲಿ. ಆದರೆ ‘ತಲುಪಬಹುದು’ ಅಂತಲೇ ಬರೆಯಿರಿ, ಹೊಳೆ ಬಹುಕಾಲ ಒಣಗಿರುವುದು ಇಲ್ಲಿನ ವರದಿಗಾರರಿಗೆಲ್ಲ ಗೊತ್ತು. ಒಮ್ಮೆ ಉತ್ಪ್ರೇಕ್ಷೆ ಮಾಡಿದರೆ ಮುಂದಿನ ಸಲ ನಂಬುವುದಿಲ್ಲ.

ಟಿಪ್ಪಣಿ 200 ಪದ ಮೀರದಿರಲಿ. ಪಿಡಿಎಫ್ ಬೇಡ, ಡೆಸ್ಕಿನವರು ಮತ್ತೆ ಟೈಪ್ ಮಾಡಬೇಕಾಗುತ್ತದೆ. ‘ನುಡಿ’ ಫಾಂಟ್, ಯುನಿಕೋಡ್ ಎರಡರಲ್ಲೂ ವರ್ಡ್ ಫೈಲ್ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲದಿದ್ದರೆ ಕುಗ್ಗಿ ಮುದ್ರಣಕ್ಕೆ ಬಾರದು. ಮಧ್ಯಾಹ್ನ ಮೂರರೊಳಗೆ ತಲುಪಲಿ.

ಮರಿಯನ್ನು ಅಂಗೈಲಿ ಹಿಡಿದ ಚಿತ್ರ ದಯವಿಟ್ಟು ಬೇಡ, ನೋಡಿದವರೂ ಹಾಗೇ ಹಿಡಿಯಲು ಹೋಗುತ್ತಾರೆ. ಗೂಡಿನ ನಿಖರ ಜಾಗವನ್ನೂ ಬರೆಯಬೇಡಿ, ಮೊಟ್ಟೆ ಕದಿಯುವವರೂ ಪತ್ರಿಕೆ ಓದುತ್ತಾರೆ.