ಹೆಸರಿಲ್ಲದ ಉತ್ತರವನ್ನು ಎಷ್ಟು ನಂಬಬೇಕು?

“ಹೆಸರು ಬರೆಯಬೇಕಿಲ್ಲ ಅಂದ ಮಾತ್ರಕ್ಕೆ ಯಾವ ಕಳ್ಳ ತಾನು ಕಳ್ಳ ಅಂತ ಒಪ್ಪಿಕೊಳ್ತಾನೆ? ಇಂಥ ಸಮೀಕ್ಷೆಗಳನ್ನು ಯಾಕೆ ಅಚ್ಚು ಹಾಕ್ತೀರಿ? ಪೊಲೀಸರ ಲೆಕ್ಕ ಸಾಲದೇ?” ಎಂದು ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ.

ಪ್ರಿಯ ಓದುಗರೇ,

ಒಪ್ಪಿಕೊಳ್ಳುತ್ತಾರೆ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. 1995ರಲ್ಲಿ ಅಮೆರಿಕದ ಹದಿಹರೆಯದ ಹುಡುಗರ ಸಮೀಕ್ಷೆಯೊಂದರಲ್ಲಿ ಕೆಲವರಿಗೆ ಕಾಗದ ಕೊಟ್ಟರು. ಉಳಿದವರು ಹೆಡ್‌ಫೋನಿನಲ್ಲಿ ಪ್ರಶ್ನೆ ಕೇಳಿ ಕಂಪ್ಯೂಟರಿನಲ್ಲಿ ಉತ್ತರ ಒತ್ತಿದರು. ಹಿಂಸೆ, ಡ್ರಗ್ಸ್ ಬಗ್ಗೆ ಬಾಯಿಬಿಟ್ಟವರು ಕಂಪ್ಯೂಟರಿನ ಗುಂಪಿನಲ್ಲೇ ಹೆಚ್ಚು. ತನ್ನ ಉತ್ತರ ಯಾರಿಗೂ ಕಾಣದು ಅನ್ನಿಸಿದರೆ ಬಾಯಿ ಬಿಡುವುದು ಸುಲಭ.

ಆದರೆ ‘ಅನಾಮಧೇಯ’ ಅಂತ ಮೇಲೆ ಬರೆದು, ಕೆಳಗೆ ವಯಸ್ಸು, ವಿಭಾಗ, ಕೆಲಸಕ್ಕೆ ಸೇರಿದ ವರ್ಷ ಕೇಳಿದರೆ? ಆ ವಿಭಾಗದಲ್ಲಿ ಆ ವರ್ಷ ಸೇರಿದವನು ಅವನೊಬ್ಬನೇ ಆಗಿರಬಹುದು. ಅಲ್ಲಿಗೆ ಮುಗಿಯಿತು, ಎಲ್ಲದಕ್ಕೂ ‘ಇಲ್ಲ’.

ನಿಮ್ಮ ಅನುಮಾನವೆಲ್ಲ ಮುಚ್ಚಿಡುವವರ ಮೇಲಿದೆ. ನನಗೆ ಜಾಸ್ತಿ ಭಯ ಸುಮ್ನೆ ‘ಹೌದು’ ಅನ್ನುವವರದು. ಒಂದು ಲೆಕ್ಕ ಹಾಕೋಣ. 1000 ಜನರಲ್ಲಿ ನಿಜವಾಗಿ ಚಾಕು ತೋರಿಸಿ ದೋಚಿದವರು 10 ಮಂದಿ ಅಂತಿಟ್ಟುಕೊಳ್ಳಿ. ಹತ್ತೂ ಜನ ಸತ್ಯವನ್ನೇ ಹೇಳಿದರು. ಉಳಿದ 990ರಲ್ಲಿ ನೂರಕ್ಕೆ ಇಬ್ಬರು ತಮಾಷೆಗೋ, ಪ್ರಶ್ನೆ ಓದದೆಯೋ ಟಿಕ್ ಹಾಕಿದರೆ ಮತ್ತೆ 20 ‘ಹೌದು’ ಸೇರುತ್ತವೆ. ನೂರಕ್ಕೆ ಒಂದು ಇದ್ದದ್ದು ಮೂರಾಯಿತು! ಅರ್ಧ ಜನ ಮಾಡುವಂಥ ಸಣ್ಣಪುಟ್ಟ ತಪ್ಪಿನ ಸಮೀಕ್ಷೆಯಾದರೆ ಇದೇ ತಮಾಷೆ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಅಪರೂಪದ, ಘೋರ ಅಪರಾಧದ ಅಂಕಿ ಕಂಡರೆ ನಾನು ಎರಡು ಸಲ ನೋಡುತ್ತೇನೆ.

ತಮಾಷೆ ಮಾಡುವವರನ್ನು ಹಿಡಿಯುವ ಉಪಾಯವೂ ಇದೆ. ಯುರೋಪಿನ ಶಾಲಾ ಮಕ್ಕಳ ಡ್ರಗ್ಸ್ ಸಮೀಕ್ಷೆಯಲ್ಲಿ ‘ರೆಲೆವಿನ್’ ಅಂತ ಒಂದು ಹೆಸರು ಸೇರಿಸಿದ್ದರು. ಅಂಥ ಡ್ರಗ್ಸೇ ಇಲ್ಲ. ಅದನ್ನೂ ಸೇವಿಸಿದ್ದೇನೆ ಅಂದವನ ಉಳಿದ ಉತ್ತರಗಳನ್ನು ಎಷ್ಟು ನಂಬುವುದು ಹೇಳಿ?

ಹೆದರುವವರಿಗೆ ಬೇರೆ ದಾರಿ. ಯಾರಿಗೂ ಕಾಣದಂತೆ ನಾಣ್ಯ ಚಿಮ್ಮಿ, ತಲೆ ಬಿದ್ದರೆ ‘ಹೌದು’ ಅನ್ನಿ, ಇಲ್ಲದಿದ್ದರೆ ನಿಜ ಹೇಳಿ ಅನ್ನುತ್ತಾರೆ. ಸಾವಿರದಲ್ಲಿ 560 ‘ಹೌದು’ ಬಂದರೆ ಸುಮಾರು 500 ನಾಣ್ಯದ್ದು. ಮಿಕ್ಕ 60, ನಿಜ ಹೇಳಬೇಕಿದ್ದ ಇನ್ನರ್ಧ, ಅಂದರೆ 500 ಜನರದು. ತಪ್ಪು ಮಾಡಿದವರು ಸುಮಾರು ನೂರಕ್ಕೆ 12 ಅಂತಾಯಿತು. ಯಾರ ‘ಹೌದು’ ನಿಜ ಅಂತ ಕೇಳಿದವನಿಗೂ ಗೊತ್ತಾಗುವುದಿಲ್ಲ. ಇದರ ಮೂಲ ಉಪಾಯವನ್ನು 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಕೊಟ್ಟರು. ಇಲ್ಲೂ ಒಂದು ಫಜೀತಿ: ತಲೆ ಬಿದ್ದರೂ, ತಪ್ಪೇ ಮಾಡದ ಕೆಲವರಿಗೆ ‘ಹೌದು’ ಅನ್ನಲು ಮನಸ್ಸು ಬರುವುದಿಲ್ಲ.

ಇನ್ನು ಪೊಲೀಸರ ಲೆಕ್ಕ. ದೂರು ಕೊಟ್ಟರೆ ತಾನೇ ಅದು ಅಲ್ಲಿ ಸೇರುವುದು? ಅಮೆರಿಕ 1970ರ ದಶಕದಿಂದ ಮನೆಮನೆಗೆ ಹೋಗಿ, ನಿಮಗೇನಾದರೂ ಅನ್ಯಾಯವಾಯಿತಾ ಅಂತ ನೊಂದವರನ್ನೇ ಕೇಳುತ್ತಿದೆ. ಅಲ್ಲಿ ಹೇಳಿಕೊಂಡ ಹಿಂಸೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪೊಲೀಸರವರೆಗೆ ಹೋಗಿರುವುದೇ ಇಲ್ಲ. ಹಾಗಾಗಿ ಸಮೀಕ್ಷೆಗಳನ್ನು ಅಚ್ಚು ಹಾಕುತ್ತಲೇ ಇರುತ್ತೇವೆ. ಪ್ರಶ್ನೆ ಹೇಗೆ ಕೇಳಿದರು, ಎಷ್ಟು ಜನ ಉತ್ತರಿಸದೆ ಬಿಟ್ಟರು ಅನ್ನುವುದನ್ನು ಅಂಕಿಯ ಪಕ್ಕದಲ್ಲೇ ಕೊಡುತ್ತೇವೆ.

— ಸಂ.